ಕಸವಿಲ್ಲದ ಮೂರು ಫಂಕ್ಷನ್

ಹತ್ರ ಸರ್ಕಂಡು ಕುಂತ್ಕಳ್ರಿ, ಇದು ಜೋರಾಗಿ ಹೇಳೋ ಮಾತಲ್ಲ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ. ಹೊಳಲ್ಕೆರೆ ಕಡೆ ಒಂದು ಕಾಲೇಜಲ್ಲಿ ಕಸ ಗುಡಿಸೋಳು ನಾನು. ಯಾವ ಕಾಲೇಜು ಅಂತ ಕೇಳಬ್ಯಾಡ್ರಿ, ನನ್ನ ವಯಸ್ಸನ್ನೂ ಕೇಳಬ್ಯಾಡ್ರಿ. ಎರಡೂ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ. ಅಲ್ಲಿ ಶಾಮಿಯಾನ ಹಾಕಿದ್ರು ಅಂದ್ರೆ ಏನಾದ್ರೂ ಒಂದು ಎಡವಟ್ಟು ಆಗದೆ ಇರಲ್ಲ.

ಈ ವರ್ಷ ಗಿಡಮರದ ಪಾಠ ಹೇಳೋ ಮೇಡಂ ಒಬ್ಬರು ಹೊಸದಾಗಿ ಬಂದರು. ಊಟ ಆದಮೇಲೆ ಗುಡ್ಡೆ ಬೀಳೋ ಥರ್ಮಾಕೋಲ್ ತಟ್ಟೆ ಕಂಡರೆ ಅವರಿಗೆ ಮೈಯೆಲ್ಲ ಉರಿ. ಮೂರು ಫಂಕ್ಷನ್ ಕಸ ಇಲ್ದಂಗೆ ಮಾಡಿ ತೋರಿಸ್ತೀನಿ ಅಂತ ಪ್ರಿನ್ಸಿಪಾಲರಿಗೆ ಮಾತು ಕೊಟ್ಟರು. ಮೂರರಲ್ಲಿ ಒಂದು ಕೆಟ್ಟರೂ ಮತ್ತೆ ಥರ್ಮಾಕೋಲೇ, ನೀವು ಪಾಠ ಮಾಡ್ಕಂಡು ಇದ್ದುಬಿಡಿ ಅಂದರು ಪ್ರಿನ್ಸಿಪಾಲರು.

೧. ಹೊಸ ಡ್ರಮ್ಮು

ಮೊದಲನೇದು ಹೊಸ ಹುಡುಗರನ್ನ ಬರಮಾಡ್ಕಳೋ ಫಂಕ್ಷನ್. ಊಟಕ್ಕೆ ಮುತ್ತುಗದ ಎಲೆ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಅಂತ ಮೇಡಂ ಫಳಫಳ ಹೊಳೆಯೋ ಎರಡು ಡ್ರಮ್ಮು ತಂದಿಟ್ಟರು. ಕಾಲೇಜಿನ ಅಡುಗೆಯೋಳು ನನ್ನ ಪಕ್ಕದ ಮನೆಯೋಳೇ. ಅವಳು ಎರಡನ್ನೂ ತೊಳೆದು, ಹಸಿರಲ್ಲಿ ಮಜ್ಜಿಗೆ, ನೀಲಿಯಲ್ಲಿ ಪಾನಕ ಕಲಸಿ ಇಟ್ಟಳು. ಹೊಸದುರ್ಗದಿಂದ ಬಂದಿದ್ದ ಮುಖ್ಯ ಅತಿಥಿ ಮೂರು ಲೋಟ ಮಜ್ಜಿಗೆ ಇಳಿಸಿದ ಮೇಲೆ ಮೇಡಂ ಕಣ್ಣಿಗೆ ಬಿತ್ತು. ಅದು ಕಸದ ಡ್ರಮ್ಮು ಕಣ್ರಿ ಅಂತ ಅಡುಗೆಯೋಳ ಕಿವೀಲಿ ಹೇಳಿದರು.

"ಹೊಸ ಡ್ರಮ್ಮಿಗೆ ಯಾರಾದ್ರೂ ಕಸ ಹಾಕ್ತಾರೇನ್ರಿ ಮೇಡಂ? ಕಸಕ್ಕೆ ತೂತು ಬಿದ್ದಿರೋ ಸಾರಿನ ಕೊಳಗ ಇಟ್ಟೀನಲ್ಲ" ಅಂದಳು.

ಕಸವೆಲ್ಲ ಸರಿಯಾಗಿ ಕೊಳಗಕ್ಕೇ ಬಿದ್ದಿತ್ತು, ಮೇಡಂ ಪಾಸಾದರು. ಅತಿಥಿ ಹೋಗೋವಾಗ ಅದೇ ಡ್ರಮ್ಮಿಂದ ಇನ್ನೊಂದು ಬಾಟಲಿ ತುಂಬಿಸ್ಕಂಡು ಹೋದರು.

೨. ಮೂರೇ ದಿನದ ಗೊಬ್ಬರ

ಆಟದ ಸ್ಪರ್ಧೆ ದಿನ ಉಳಿದ ಚಿತ್ರಾನ್ನ, ಉಂಡ ಎಲೆ ಎಲ್ಲಾ ಗ್ರೌಂಡಿನ ಹಿಂದಿನ ಮೊಣಕಾಲುದ್ದದ ಗುಂಡಿಗೆ ಹಾಕಿದ್ವಿ. ಗೊಬ್ಬರ ಆಗಾಕೆ ಎರಡು ಮೂರು ತಿಂಗಳು ಬೇಕು ಅಂದಿದ್ದರು ಮೇಡಂ. ರಜಾ ದಿನ ತಾಳ್ಯದ ಕಡೆಯ ಕುರಿಯೋನು ಒಡೆದ ಕಾಂಪೌಂಡ್ ದಾಟಿಸಿ ಮಂದೆ ಒಳಗೆ ಬಿಟ್ಟ.

ಸೋಮವಾರ ಪ್ರಿನ್ಸಿಪಾಲರು ವಾಸನೆ ಬರ್ತೈತಾ ಅಂತ ನೋಡಾಕೆ ಬಂದ್ರೆ ಎಲೆನೂ ಇಲ್ಲ, ಅನ್ನನೂ ಇಲ್ಲ, ಬರೀ ಕರ್ರಗೆ ಗುಂಡುಗುಂಡು. ಪ್ಯಾಟೆಯಲ್ಲಿ ಬೆಳೆದ ಮನುಷ್ಯ, ಒಂದು ಹಿಡಿ ಎತ್ತಿ ಮೂಸಿ, ಮೂರೇ ದಿನಕ್ಕೆ ಎಂಥಾ ಗೊಬ್ಬರ ಅಂತ ಹೊಗಳಿ, ಇದೂ ಪಾಸು ಅಂದರು. ನಾನು ಸೆರಗು ಬಾಯಿಗೆ ತುರುಕ್ಕಂಡು ನಿಂತಿದ್ದೆ.

ನಮ್ಮ ಕಡೆ ಹೊಲದಲ್ಲಿ ಕುರಿ ನಿಲ್ಲಿಸಿದ್ರೆ, ಗೊಬ್ಬರ ಬಿತ್ತಲ್ಲ ಅಂತ ಕುರಿಯೋನಿಗೆ ಕಾಳು ಕೊಡೋದು ರೂಢಿ. ಅವನೂ ಖಾಲಿ ಚೀಲ ಹಿಡ್ಕಂಡು ಬಂದೇಬಿಟ್ಟ. "ನೂರು ಕುರಿ ಒಂದು ಹಗಲೆಲ್ಲ ನಿಂತಿದ್ವು ಸಾಹೇಬ್ರೆ, ರಾಗಿ ಅಳೀರಿ" ಅಂದ.

ಪ್ರಿನ್ಸಿಪಾಲರು ತಮ್ಮ ಅಂಗೈ ನೋಡ್ಕಂಡರು. ಮೂಸಿದ್ದು ಎರಡು ಸಲ.

೩. ತಟ್ಟೆ ಯಾರದು?

ಪಾಸು ಅಂದ ಮಾತನ್ನ ಪ್ರಿನ್ಸಿಪಾಲರು ವಾಪಸ್ ತಗಳಲಿಲ್ಲ. ಕೊನೇದು ವಾರ್ಷಿಕೋತ್ಸವ. ಎಲ್ಲರೂ ಮನೆಯಿಂದ ತಟ್ಟೆ, ಲೋಟ ತರಬೇಕು ಅಂತ ನೋಟಿಸು. ತಂದರು, ಉಂಡರು, ಒಂದು ಚೂರೂ ಪ್ಲಾಸ್ಟಿಕ್ ಇಲ್ಲ. ಮೇಡಂ ಮುಖ ಅರಳಿತ್ತು. ನಲ್ಲಿ ಹತ್ರ ತೊಳೆದು ಗುಡ್ಡೆ ಹಾಕಿದ ಮೇಲೆ ಶುರುವಾಯ್ತು ಗಲಾಟೆ. ಎಲ್ಲಾ ಒಂದೇ ಥರದ ಸ್ಟೀಲ್ ತಟ್ಟೆ, ನಂದು ಯಾವುದು ನಿಂದು ಯಾವುದು ಅಂತ ಎಳೆದಾಟ. ನಾಳೆ ಹುಡುಗರ ತಾಯಂದಿರು ಗೇಟಿಗೆ ಬಂದು ಬೈತಾರೆ, ಥರ್ಮಾಕೋಲೇ ವಾಸಿ ಅಂತ ಪ್ರಿನ್ಸಿಪಾಲರು ಹೊರಟೇಬಿಟ್ಟರು. ಮೇಡಂಗೆ ಅಳು ಬರೋದೊಂದು ಬಾಕಿ.

ನಿಲ್ರಿ ಸಾ, ಪಾತ್ರೆ ಅಂಗಡಿಯೋರು ತಟ್ಟೆ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿರ್ತಾರೆ ಅಂದೆ. ನಾನು ಮೂರನೇ ಕ್ಲಾಸು. ಅಕ್ಷರ ಕೂಡಿಸ್ಕಂಡು ಓದ್ತೀನಿ. ಒಂದೊಂದೇ ಎತ್ತಿ ಜೋರಾಗಿ ಓದಿದೆ. ಏನ್ ಹೇಳ್ಲಿ, ಊರಿನ ಬಣ್ಣವೆಲ್ಲ ಬಯಲಾತು. ಲೆಕ್ಕದ ಮೇಷ್ಟ್ರು ತಂದಿದ್ದ ತಟ್ಟೆ ಮೇಲೆ ಚಿಕ್ಕಜಾಜೂರಿನ ಒಂದು ಮದುವೆ ಛತ್ರದ ಹೆಸರು. ಪುಸ್ತಕ ಒಂದು ದಿನ ತಡ ಆದ್ರೆ ಹುಡುಗರನ್ನ ನಿಲ್ಲಿಸಿ ಬೈಯೋ ಲೈಬ್ರರಿಯೋರ ತಟ್ಟೆ ಮೇಲೆ ಅದೇ ಲೆಕ್ಕದ ಮೇಷ್ಟ್ರ ಮಾವನ ಹೆಸರು. ನಾನು ಎಲ್ಲರಿಗೂ ಕೇಳಲಿ ಅಂತ ಎರಡೆರಡು ಸಲ ಓದಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ತಟ್ಟೆಗಳೆಲ್ಲ ಯಾರ್ಯಾರದೋ ಅವರ ಕೈ ಸೇರಿದ್ವು. ನಕ್ಕು ಸುಸ್ತಾದ ಪ್ರಿನ್ಸಿಪಾಲರು, ಇನ್ಮೇಲೆ ಪ್ರತಿ ಫಂಕ್ಷನ್ನಿಗೂ ಮನೆ ತಟ್ಟೆನೇ ಅಂದುಬಿಟ್ಟರು.

ಒಂದು ತಟ್ಟೆ ಉಳೀತು. ಅದು ನಂದು, ಹೆಸರು ಗಿಸರು ಏನಿಲ್ಲ ಅಂತ ಕಂಕುಳಲ್ಲಿ ಇಟ್ಕಂಡೆ. ಎಷ್ಟೋ ವರ್ಷ ಅದರಲ್ಲೇ ಉಂಡೀನಿ, ತಿರುವಿ ನೋಡಿದೋಳಲ್ಲ. ಮೇಡಂ ಪ್ರೀತಿಯಿಂದ ಇಸ್ಕಂಡು ತಿರುವಿದರು. ಹಿಂದೆ ಚುಕ್ಕಿ ಇದ್ವು. ಅಡುಗೆಯೋಳ ಹೆಸರು, ಪಕ್ಕದಲ್ಲಿ ಅವಳ ಗಂಡನ ಹೆಸರು. ಎಲ್ಲರ ಎದುರಿಗೆ ಓದೇಬಿಟ್ಟರು.

ನನ್ನ ಪಕ್ಕದ ಮನೆಯೋಳು ಸೌಟು ಕೆಳಗಿಟ್ಟು, ಕೈ ಒರೆಸ್ಕಂಡು ನನ್ನ ಮುಂದೆ ಬಂದು ನಿಂತಳು.

"ಮಗಳನ್ನ ತೊಟ್ಟಿಲಿಗೆ ಹಾಕಿದ ದಿನ ಈ ತಟ್ಟೇಲಿ ಹೋಳಿಗೆ ಕೊಟ್ಟು ಕಳಿಸಿದ್ದೆ ಅಕ್ಕ. ಆ ಮಗಳು ಈಗ ಡಿಗ್ರಿ ಮುಗಿಸ್ತಾ ಅವಳೆ. ನಿನಗಿನ್ನೂ ಹೋಳಿಗೆ ಮುಗಿದಿಲ್ವಾ?"