ಅರ್ಧ ಟಿಕೆಟ್ಟಿನ ಕರೆಂಟು

ಡಾಕ್ಟರಿಗೆ ಸಿಟ್ಟು ಬರಬಾರದು ಎನ್ನುತ್ತಾರೆ. ಹಾಗೆನ್ನುವವರು ಯಾರೂ ಏಪ್ರಿಲ್ ತಿಂಗಳಲ್ಲಿ ಆಳಂದದಲ್ಲಿ ಡಾಕ್ಟರಿಕೆ ಮಾಡಿದವರಲ್ಲ. ನನಗಂತೂ ಸಿಟ್ಟು ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ. "ಹಲ್ಲು ಕಡಕೋತ ಮಾತಾಡಬ್ಯಾಡ್ರಿ, ಪೇಷಂಟ್ ತನಗ ಏನೋ ದೊಡ್ಡ ರೋಗ ಬಂದದಂತ ತಿಳ್ಕೋತಾನ" ಎಂದು ನನ್ನ ಹೆಂಡತಿ ಎಚ್ಚರಿಸುತ್ತಿದ್ದಳು. ಆದರೆ ತೊಂಬತ್ತರ ದಶಕದ ಆ ಬೇಸಿಗೆಯಲ್ಲಿ ಬಂದ ಸಿಟ್ಟು ನ್ಯಾಯವಾದದ್ದೇ. ಬೇಕಾದರೆ ನೀವೇ ತೀರ್ಮಾನಿಸಿ.

ನಾನಿದ್ದದ್ದು ಸಣ್ಣ ಖಾಸಗಿ ಆಸ್ಪತ್ರೆ. ಮಾಲೀಕರು ತೊಗರಿ ವ್ಯಾಪಾರಿ ಗುರುಲಿಂಗಪ್ಪ ಸಾಹುಕಾರರು. ತಾಯಿ ಹೃದಯಾಘಾತದಿಂದ ತೀರಿಕೊಂಡಾಗ ಅವರ ನೆನಪಿಗೆಂದು ಒಂದು ಡಿಫಿಬ್ರಿಲೇಟರ್ ತರಿಸಿದರು. ಹೃದಯ ಬಡಿಯುವುದನ್ನು ಬಿಟ್ಟು ಬರೀ ಅದುರತೊಡಗಿದಾಗ, ಎದೆಗೆ ಕರೆಂಟಿನ ಹೊಡೆತ ಕೊಟ್ಟು ಅದನ್ನು ದಾರಿಗೆ ತರುವ ಯಂತ್ರವದು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನ ಯಾರ ಮೇಲೂ ರೇಗಲಿಲ್ಲ. ಮರುದಿನ ನೋಡಿದರೆ ಯಂತ್ರ ಸಾಹುಕಾರರ ಕೋಣೆಯಲ್ಲಿ, ಗಾಜಿನ ಕಪಾಟಿನೊಳಗೆ, ಬೀಗದ ಹಿಂದೆ! ಕೆಂಪು ದೀಪ ಚೆಂದ ಕಾಣಲೆಂದು ಸದಾ ಪ್ಲಗ್ಗಿಗೆ ಸಿಕ್ಕಿಸಿಟ್ಟಿದ್ದರು. ಜೇವರ್ಗಿಯಿಂದ, ಅಫಜಲಪುರದಿಂದ ಬಂದ ಬೀಗರಿಗೆಲ್ಲ ಚಹಾದ ಜೊತೆ ಅದರ ದರ್ಶನ.

ಸುಮ್ಮನಿರಲಾರದೆ ಹೋಗಿ ಹೇಳಿದೆ: "ಯಂತ್ರ ವಾರ್ಡಿನಾಗ ಇರಬೇಕ್ರಿ. ಮತ್ತ ಎದಿಗೆ ಒತ್ತೋ ಈ ಪ್ಯಾಡಲ್ ದೊಡ್ಡವರಿಗಷ್ಟ ಅವ. ಮಕ್ಕಳಿಗಂತ ಸಣ್ಣವು ಬರ್ತಾವ, ಅವನ್ನೂ ತರಸ್ರಿ."

"ಮಕ್ಕಳಿಗ್ಯಾಕ್ರಿ ಡಾಕ್ಟರ್ ಸಾಹೇಬ್ರ? ಅವರಿಗೇನ್ ಹಾರ್ಟ್ ಅಟ್ಯಾಕ್ ಆಗ್ತದೇನು?" ಎಂದು ನಕ್ಕರು. "ಒಂದ್ವೇಳೆ ಆದರೂ, ಬಸ್ಸಿನ್ಯಾಗ ಅರ್ಧ ಟಿಕೆಟ್ ಕೊಡ್ತಾರಲ್ರಿ, ಹಂಗ ಅರ್ಧ ಕರೆಂಟ್ ಕೊಟ್ಟರಾತು."

ಮಗುವಿನ ತೂಕ ನೋಡಿ ಲೆಕ್ಕ ಹಾಕಬೇಕು, ಅರ್ಧವೇ ಹೆಚ್ಚಾದೀತು ಎಂದು ನಾನು ಹೇಳುತ್ತಿದ್ದರೆ ಅವರು ಬೀಗರಿಗೆ ಬಿಸ್ಕತ್ತು ಹಂಚುತ್ತಿದ್ದರು. ರೋಗಿಗಳು ಕೂರುವ ಹಾಲಿನಲ್ಲಿದ್ದ ತಗಡಿನ ಕೂಲರ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದೂ ಹೇಳಿದೆ. "ರಿಪೇರಿ ಆಗೇದ್ರಿ" ಎಂದರು.

ಹಿರೋಳ್ಳಿಯ ಮಹಾದೇವಮ್ಮ ಬಿಪಿ ತೋರಿಸಲು ಬಂದದ್ದು ಅದೇ ವಾರ. ಜೊತೆಗೆ ಎಂಟು ವರ್ಷದ ಮೊಮ್ಮಗಳು ಕಾವೇರಿ. ಹುಡುಗಿ ನಲ್ಲಿಯಲ್ಲಿ ಮುಖ ತೊಳೆದು, ಒದ್ದೆ ಕೈಯಲ್ಲೇ ಕೂಲರನ್ನು ತಬ್ಬಿಕೊಂಡು ಗಾಳಿಗೆ ಮುಖ ಕೊಟ್ಟಳು. ಒಂದು ಕೂಗು, ಆಮೇಲೆ ದೊಪ್ಪನೆ ಬಿದ್ದ ಸದ್ದು.

ನರ್ಸ್ ಶಾಂತಾಬಾಯಿ ಮೇನ್ ಸ್ವಿಚ್ ಆರಿಸಿ ಓಡಿಬಂದಳು. ನಾಡಿ ಇಲ್ಲ, ಉಸಿರಿಲ್ಲ. ಅವಳು ಎದೆ ಒತ್ತತೊಡಗಿದಳು, ನಾನು ಸಾಹುಕಾರರ ಕೋಣೆಗೆ ಓಡಿದೆ. ಬೀಗದ ಕೈ ಅವರ ಜೇಬಿನಲ್ಲಿ, ಜೇಬು ಗುಲ್ಬರ್ಗದಲ್ಲಿ. ಸ್ಟೂಲ್ ಎತ್ತಿ ಗಾಜಿಗೆ ಹೊಡೆದೆ. ಎಷ್ಟೋ ದಿನದ ಸಿಟ್ಟು ಆ ಏಟಿನಲ್ಲಿತ್ತು.

ಯಂತ್ರ ಹೊತ್ತು ಹಾಲಿಗೆ ಓಡಿಬಂದೆ; ಸದಾ ಪ್ಲಗ್ಗಿನಲ್ಲಿದ್ದುದರಿಂದ ಅದರ ಬ್ಯಾಟರಿ ತುಂಬಿತ್ತು. ಪರದೆಯ ಮೇಲೆ ಹೃದಯದ ಗೆರೆ ತರತರ ನಡುಗುತ್ತಿತ್ತು. ಆ ಪುಟ್ಟ ಎದೆಯ ಮೇಲೆ ದೊಡ್ಡ ಪ್ಯಾಡಲ್‌ಗಳೆರಡನ್ನೂ ಇಟ್ಟರೆ ಒಂದಕ್ಕೊಂದು ತಾಗುತ್ತಿದ್ದವು. ಹುಡುಗಿಯನ್ನು ಮಗ್ಗುಲಾಗಿಸಿ ಒಂದನ್ನು ಎದೆಗೆ, ಒಂದನ್ನು ಬೆನ್ನಿಗೆ ಒತ್ತಿದೆ. ಅಷ್ಟರಲ್ಲಿ ಮಹಾದೇವಮ್ಮ ಮೊಮ್ಮಗಳ ಕಾಲು ಹಿಡಿದು ಕೂತಳು.

"ಕರೆಂಟ್ ಹೊಡದೇ ಬಿದ್ದಾಳ, ಮತ್ತ ಕರೆಂಟ್ ಕೊಡ್ತೀಯೇನೋ? ನಿನ ಕೈ ಸೇದಿ ಹೋಗ್ಲಿ!"

"ಕಾಲು ಬಿಡಬೇ ಯವ್ವಾ! ನೀನೂ ಸಾಯ್ತಿ!" ಎಂದು ನಾನು ಅರಚಿದೆ. ಶಾಂತಾಬಾಯಿ ಅವಳ ರಟ್ಟೆ ಹಿಡಿದು ದೂರ ಎಳೆದಳು.

ತೂಕ ಅಂದಾಜಿಸಿ ಕೊಟ್ಟ ಮೊದಲ ಹೊಡೆತಕ್ಕೆ ಏನೂ ಆಗಲಿಲ್ಲ. ಗೆರೆ ಹಾಗೆಯೇ ನಡುಗುತ್ತಿತ್ತು. ಪ್ರಮಾಣ ದುಪ್ಪಟ್ಟು ಮಾಡಿ ಮತ್ತೆ ಕೊಟ್ಟೆ. ಗೆರೆ ಒಮ್ಮೆ ಸಪಾಟಾಗಿ, ಆಮೇಲೆ ಎದ್ದಿತು, ಬಿದ್ದಿತು, ಎದ್ದಿತು. ಕುತ್ತಿಗೆಯಲ್ಲಿ ನಾಡಿ ಸಿಕ್ಕಿತು. ತುಸು ಹೊತ್ತಿಗೆ ಹುಡುಗಿ "ಆಯೀ" ಎಂದು ಅಜ್ಜಿಯನ್ನು ಕರೆದು ಕ್ಷೀಣವಾಗಿ ಅತ್ತಳು. ಆಗ ಮಾತ್ರ ನನಗೆ ಸಿಟ್ಟಿರಲಿಲ್ಲ.

ಸಂಜೆ ಸಾಹುಕಾರರು ಬಂದರು. ಬೈಯಲು ನಾನು ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. ಅವರು ಒಡೆದ ಗಾಜು ನೋಡಿದರು, ಹುಡುಗಿಯನ್ನು ನೋಡಿದರು, ಅವಳ ತಲೆ ಸವರಿದರು. ತಮ್ಮ ಕಾರಿನಲ್ಲೇ ಅವಳನ್ನು ಗುಲ್ಬರ್ಗದ ದೊಡ್ಡ ಆಸ್ಪತ್ರೆಗೆ ಕಳಿಸಿ, ತಾವೇ ನಿಂತು ಕೂಲರನ್ನು ಗುಜರಿಗೆ ಹಾಕಿಸಿ, ಸಣ್ಣ ಪ್ಯಾಡಲ್ ತರಲು ಸೊಲ್ಲಾಪುರಕ್ಕೆ ಜನ ಕಳಿಸಿದರು. ಮಾಡಿಕೊಂಡಿದ್ದ ಭಾಷಣ ನನ್ನ ಹೊಟ್ಟೆಯಲ್ಲೇ ಉಳಿಯಿತು. ಅದೂ ಒಂದು ಸಿಟ್ಟು.

ತಿಂಗಳಾದ ಮೇಲೆ ಮಹಾದೇವಮ್ಮ ಮೊಮ್ಮಗಳೊಂದಿಗೆ ಬಂದು ಸಾಹುಕಾರರ ಕಾಲಿಗೆ ಬಿದ್ದಳು. "ನಿಮ್ಮ ಮಷಿನ್ ನನ್ನ ಕೂಸಿನ ಜೀವಾ ಉಳಿಸ್ತ್ರಿ" ಎಂದು ಶೇಂಗಾ ಹೋಳಿಗೆಯ ಗಂಟು ಮುಂದಿಟ್ಟಳು. ಹುಡುಗಿಯ ನಾಡಿ ನೋಡಲು ನಾನು ಕೈ ಚಾಚಿದೆ. ಅವಳು ಅಜ್ಜಿಯ ಸೆರಗಿನ ಹಿಂದೆ ಸರಿದಳು.

"ಆಯೀ, ಇವರೇನಬೇ ನನಗ ಕರೆಂಟ್ ಕೊಟ್ಟವರು?"

"ಹೌದವ್ವಾ, ಒಮ್ಮಿ ಅಲ್ಲ, ಎರಡ ಸಲಾ. ದೂರ ನಿಂದ್ರು."

ಸಾಹುಕಾರರು ನಗುತ್ತ ಹೋಳಿಗೆ ನನ್ನತ್ತ ಸರಿಸಿದರು: "ತಗೋರಿ ಡಾಕ್ಟರ್ ಸಾಹೇಬ್ರ." ಮೈಯೆಲ್ಲ ಉರಿದು "ನನಗ ಬ್ಯಾಡ್ರಿ!" ಎಂದುಬಿಟ್ಟೆ. ನಮ್ಮ ಕಡೆಯವರು ಬೇಡವೆಂದವರಿಗೂ ಹತ್ತು ಸಲ ಒತ್ತಾಯ ಮಾಡಿ ಉಣಿಸುವವರು. ಆ ಧೈರ್ಯದ ಮೇಲೆಯೇ ಅಂದದ್ದು. ಆ ಪುಣ್ಯಾತ್ಮ ಎರಡನೇ ಸಲ ಕೇಳಲೇ ಇಲ್ಲ.