ಕಡಲಹಸುವಿನ ವಿಷಯದಲ್ಲಿ ಅಧಿಕೃತ ಅಜ್ಞಾನ

ಅಳಿವಿನಂಚಿನಲ್ಲಿರುವ ಕಡಲಹಸುವಿನ ಸಂಶೋಧನಾ ಆದ್ಯತೆಗಳನ್ನು ನಿಗದಿಪಡಿಸುವ ಸಮಿತಿಯು ತನ್ನ ಹದಿನಾಲ್ಕನೆಯ ಸಭೆಯನ್ನು, ದೈವಕೃಪೆಯಿಂದ, ಯಾವ ಸದಸ್ಯರ ನಿದ್ದೆಗೂ ಭಂಗ ಬಾರದಂತೆ ಆರಂಭಿಸಿತು. ಸದಸ್ಯರು ಹದಿನೆಂಟು ಮಂದಿ, ಉಳಿದಿರುವ ಕಡಲಹಸುಗಳು ಒಂಬತ್ತು. ತಲೆಗೆ ಇಬ್ಬರಂತೆ ಒದಗಿಸಿದ ಭಗವಂತನ ಕಾರುಣ್ಯಕ್ಕೆ ಎಣೆಯುಂಟೆ?

ಅಂದು ಕೊನೆಯ ಕುರ್ಚಿಯ ತುದಿಯಲ್ಲಿ ದೋಣಿಯವನೊಬ್ಬ ಕೂತಿದ್ದ. ಮೂವತ್ತು ವರ್ಷದಿಂದ ಕಡಲಹಸುಗಳಿರುವ ಕೊಲ್ಲಿಯಲ್ಲೇ ದೋಣಿ ನಡೆಸಿದವನೆಂದು ಅವನನ್ನು ಕರೆಸಿದ್ದರು. ದೇವರಿಗೆ ಹೆದರಿ ಬದುಕಿದವನು, ಸುಳ್ಳಾಡಿ ಗೊತ್ತಿಲ್ಲ. ಬಸುರಿ ಕಡಲಹಸುವೊಂದು ಮೀನಿನ ಬಲೆಯ ಪಕ್ಕದಲ್ಲೇ ನೀರಿನಡಿಯ ಹುಲ್ಲು ಮೇಯುವುದನ್ನು ಕಂಡಾಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

"ಸ್ವಾಮಿ, ಕೊಲ್ಲಿ ಬಾಯಲ್ಲಿರೋ ಬಲೆ ತೆಗೆಸಿಬಿಡಿ. ಅವೂ ನಮ್ಮ ಹಾಗೆ ಗಾಳಿ ಉಸಿರಾಡೋ ಜೀವ. ಬಲೆಗೆ ಸಿಕ್ಕರೆ ಮೇಲೆ ಬರೋಕಾಗದೆ ಸತ್ತುಹೋಗ್ತವೆ."

ಅಧ್ಯಕ್ಷರು ಕನ್ನಡಕ ತೆಗೆದರು. "ಇದು ನಿನಗೆ ಖಂಡಿತವಾಗಿ ಗೊತ್ತೇನಪ್ಪಾ?"

"ಕಣ್ಣಾರೆ ಕಂಡಿದ್ದೀನಿ ಸ್ವಾಮಿ."

"ಅಯ್ಯೋ, ಪಾಪ!" ಎಂದರು ಅಧ್ಯಕ್ಷರು, ನಿಜವಾದ ಮರುಕದಿಂದ.

ನಿಯಮ ಏಳರ ಪ್ರಕಾರ, ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಮಾತ್ರ ಆದ್ಯತಾ ಪಟ್ಟಿಯಲ್ಲಿ ಸ್ಥಾನ. ಆದ್ದರಿಂದ ಬಲೆಯ ವಿಷಯವನ್ನು ವಿಷಾದದೊಂದಿಗೆ ಕೈಬಿಟ್ಟು, 'ಈ ಸಮಿತಿಯ ಕುರಿತು ಕಡಲಹಸುವಿನ ಅಭಿಪ್ರಾಯ' ಎಂಬ ವಿಷಯಕ್ಕೆ ಪ್ರಥಮ ಆದ್ಯತೆ ನೀಡಲಾಯಿತು. ಅದು ನಿಜಕ್ಕೂ ಯಾರಿಗೂ ಗೊತ್ತಿರಲಿಲ್ಲ.

ದೋಣಿಯವನು ಕಣ್ಣೊರೆಸಿಕೊಂಡು ಹೊರಬಂದಾಗ ಮೊಗಸಾಲೆಯಲ್ಲಿ ಕಚೇರಿಯ ಟೈಪಿಸ್ಟ್ ಹೆಂಗಸು ತಡೆದು ನಿಲ್ಲಿಸಿದಳು.

"ಅಷ್ಟೆಲ್ಲ ಯಾಕಣ್ಣಾ ತಿಳ್ಕೊಳ್ಳೋಕೆ ಹೋದ್ರಿ? ಬಲೆಯಿಂದ ಸಾಯ್ತವೋ ಇಲ್ವೋ ಗೊತ್ತಿಲ್ಲ ಅಂತ ಬರೆದುಕೊಡಿ, ಪಟ್ಟಿಗೆ ಸೇರುತ್ತೆ. ಸಂಶೋಧನೆ ಮುಗಿಯೋವರೆಗೆ ಬಲೆ ತೆಗೆದಿಟ್ಟು ನೋಡ್ಬೇಕು ಅಂತ ನಿಯಮವೇ ಇದೆ."

"ಸುಳ್ಳು ಹೇಳ್ಲಾ ತಂಗೀ?"

"ಎಲ್ಲಾ ಬಲ್ಲವನು ಮೇಲಿರೋನು ಒಬ್ಬನೇ ತಾನೇ? ಅವನ ಮುಂದೆ ನಿಮಗೇನು ಗೊತ್ತು ಹೇಳಿ."

ಆ ಮಾತಿನಲ್ಲಿ ಭಕ್ತಿ ಇತ್ತು. ಅವಳ ಕೈಯಲ್ಲಿ ನಮೂನೆ ಇತ್ತು. ದೋಣಿಯವನು ಮೇಲೆ ನೋಡಿ ಕೈಮುಗಿದು ಸಹಿ ಹಾಕಿದ.

ಮರುವಾರವೇ ಬಲೆ ನೀರಿನಿಂದ ಮೇಲೆದ್ದಿತು. ಜೊತೆಗೆ ಪ್ರಕಟಣೆಯೂ ಹೊರಬಿತ್ತು: "ಬಲೆಯಿಂದ ಕಡಲಹಸು ಸಾಯುತ್ತದೆಂಬುದನ್ನು ಇನ್ನು ಮುಂದೆ ಯಾರೂ ಅರಿಯತಕ್ಕದ್ದಲ್ಲ. ಈಗಾಗಲೇ ಅರಿತಿರುವವರು ಏಳು ದಿನಗಳೊಳಗೆ ಕಚೇರಿಗೆ ಖುದ್ದಾಗಿ ಹಾಜರಾಗಿ ಮರೆಯತಕ್ಕದ್ದು." ಬೆಸ್ತರೆಲ್ಲ ಸಾಲಾಗಿ ನಿಂತು ಮರೆತುಹೋದರು. ಒಬ್ಬ ಮುದುಕ ಮಾತ್ರ ಸಾಲಿನಲ್ಲಿ ನಿಂತದ್ದೇಕೆಂಬುದನ್ನೂ ಮರೆತದ್ದರಿಂದ ಅವನಿಗೆ ವಿಶೇಷ ಪ್ರಶಂಸೆ ಸಂದಿತು.

ದೋಣಿಯವನಿಗೆ ಸಿಕ್ಕಿದ್ದು ಅಜ್ಞಾನ ಪ್ರಮಾಣಪತ್ರ. ವರ್ಷಕ್ಕೊಮ್ಮೆ ನವೀಕರಿಸಬೇಕು.

ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಮದುವೆಯಾದಾಗಿಂದ ನಾನೂ ಇದನ್ನೇ ಹೇಳ್ತಿದ್ದೀನಿ. ನಿಮಗೆ ಸೀಲು ಬಿದ್ದಮೇಲೇ ನಂಬಿಕೆ ಬಂತು."

ಎರಡನೆಯ ವರ್ಷ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಕೊಲ್ಲಿಯಲ್ಲಿ ಈಗ ಹನ್ನೊಂದು ಕಡಲಹಸುಗಳು. ಎರಡು ಮರಿಗಳು ತಾಯಂದಿರ ಪಕ್ಕೆಗಂಟಿ ಈಜುತ್ತಿದ್ದವು.

"ಹೆಚ್ಚಾಗಿದ್ದು ಹೇಗೆ?" ಎಂದು ಅಧಿಕಾರಿ ಸಮಿತಿಯ ಸಭೆಯಲ್ಲಿ ಕೇಳಿದರು.

ಸದಸ್ಯರೆಲ್ಲ ತಂತಮ್ಮ ಕಡತಗಳತ್ತ ಬಗ್ಗಿದರು. ಒಬ್ಬರಿಗೆ ಗೊತ್ತಾದರೂ ಸಂಶೋಧನೆ ಮುಗಿಯಿತು. ಸಂಶೋಧನೆ ಮುಗಿದರೆ ಬಲೆ ಮತ್ತೆ ನೀರಿಗೆ. ಅಧಿಕಾರಿಯ ಬೆರಳು ಕೊನೆಯ ಕುರ್ಚಿಯಲ್ಲಿದ್ದ ದೋಣಿಯವನತ್ತ ತಿರುಗಿತು. "ನೀವು ಹೇಳಿ."

ಅವನು ಕಣ್ಣುಮುಚ್ಚಿ ದೇವರನ್ನು ನೆನೆದ. "ಅವನ ಲೀಲೆ ಸ್ವಾಮಿ. ನನ್ನ ಬುದ್ಧಿಗೆ ನಿಲುಕಲ್ಲ."

"ನಮಗೂ ನಿಲುಕಲ್ಲ" ಎಂದರು ಹದಿನೆಂಟೂ ಸದಸ್ಯರು, ಜೀವನದಲ್ಲಿ ಮೊದಲ ಬಾರಿಗೆ ಒಮ್ಮತದಿಂದ.

ಅಧಿಕಾರಿ ಕಿಟಕಿಯಾಚೆಯ ಕೊಲ್ಲಿಯನ್ನೇ ತುಸು ಹೊತ್ತು ನೋಡಿದರು. ಎಲ್ಲವೂ ಅರ್ಥವಾದವರಂತೆ ಅವರ ಮುಖ ಅರಳತೊಡಗಿತು. ತಕ್ಷಣ ಎಚ್ಚೆತ್ತು ಪರದೆ ಎಳೆದರು. ಬಳಿಕ ಕಡತದಲ್ಲಿ ಬರೆದರು: "ಪ್ರಗತಿ ತೃಪ್ತಿಕರ. ಇನ್ನೈದು ವರ್ಷ ಯಾರಿಗೂ ಏನೂ ತಿಳಿಯದಿರಲಿ."

ಎಲ್ಲರೂ ಎದ್ದು ನಿಂತು ತಥಾಸ್ತು ಎಂದರು.