ದೊಡ್ಡಪ್ಪನ ಪಾಲಿಗೆ ಬಂದ ತಲೆಬಾಗಿಲು

ನಮ್ಮ ದೊಡ್ಡಪ್ಪನಿಗೆ ಮನೆ ಇರಲಿಲ್ಲ, ಬಾಗಿಲಿತ್ತು! ನಗಬೇಡಿ, ದೇವದುರ್ಗದ ಹಿರಿಯರ ಎದುರೇ ಆದ ಪಾಲಿನ ಮಾತಿದು.

ರಜಾಕಾರರ ಗದ್ದಲಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲ. ಯಾವುದೋ ದೇಸಾಯಿಯ ಕಾರಕೂನ ಕಟ್ಟಿಸಿದ ಮನೆ. ಅವನ ಮಕ್ಕಳಿಂದ ನಮ್ಮ ಮುತ್ತಜ್ಜ ಕೊಂಡಿದ್ದ. ದಪ್ಪನೆಯ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಕಿಟಕಿ? ಆ ಕಾರಕೂನನಿಗೆ ಕಳ್ಳರ ಭಯವೋ ನೆರೆಯವರ ಭಯವೋ, ಒಂದನ್ನೂ ಇಡಿಸಲಿಲ್ಲ. ಮೂರು ಕಡೆ ಮಂದಿಯ ಮನೆಗಳು ಅಂಟಿಕೊಂಡಿದ್ದರಿಂದ ಒಳಹೊರಗೆ ಓಡಾಡಲು ಬೀದಿ ಕಡೆಯ ತಲೆಬಾಗಿಲೊಂದೇ ದಾರಿ.

ಅಜ್ಜ ತೀರಿಕೊಂಡ ಮೇಲೆ ನಮ್ಮಪ್ಪನೂ ಚಿಕ್ಕಪ್ಪನೂ ಹಾವು-ಮುಂಗುಸಿಯಾದರು. ಮಾತು ನಿಂತಿತು, ಒಲೆ ಎರಡಾದವು, ಮನೆಯೂ ಪಾಲಾಗಲಿ ಎಂದರು. ಪಾಲು ಮಾಡಲು ಕೂತ ಹಿರಿಯರು ದೊಡ್ಡ ಮಗನೆಂದು ದೊಡ್ಡಪ್ಪನನ್ನೇ ಮೊದಲು ಕೇಳಿದರು. ಮದುವೆಯಾಗದ ಮನುಷ್ಯ, ಒಂದು ಕೋಣೆ ಕೇಳಿಯಾನು ಎಂದುಕೊಂಡಿದ್ದರು.

“ನನಗ ತಲಬಾಗಲ ಕೊಡ್ರಿ. ಜೋಡಿಗೆ ಬೀದಿ ಕಡಿ ಗ್ವಾಡಿ. ಸಾಕು.”

“ಮಲಗೋದೆಲ್ಲಿ?” ಎಂದರು ಹಿರಿಯರು.

“ಬಾಗಲದಾಗ!”

ತಮ್ಮಂದಿರಿಬ್ಬರೂ ಖುಷಿಯಿಂದ ಒಪ್ಪಿ, ಪಡಸಾಲೆ ಕೋಣೆಗಳನ್ನೆಲ್ಲ ಅರ್ಧರ್ಧ ಹಂಚಿಕೊಂಡರು. ಒಬ್ಬರ ಮುಖ ಒಬ್ಬರು ನೋಡದ ಹಾಗೆ ಬೇರೆ ಬೇರೆ ಬಾಗಿಲು ಒಡೆಸಲು ಹೊರಟಾಗಲೇ ಗೊತ್ತಾದದ್ದು, ಒಡೆಸಬೇಕಾದ ಗೋಡೆ ದೊಡ್ಡಪ್ಪನದು!

ಚಿಕ್ಕಪ್ಪ ಬಿಡುವ ಪೈಕಿಯೇ? ಮಾನ್ವಿಯಿಂದ ಗೌಂಡಿಯನ್ನೇ ಕರೆಸಿದ. ಗೌಂಡಿ ಗೋಡೆಗೆ ಸುಣ್ಣದ ಗೆರೆ ಎಳೆದರೆ, ದೊಡ್ಡಪ್ಪ ಚಾಪೆ ತಂದು ಆ ಗೆರೆಗೆ ಬೆನ್ನು ಕೊಟ್ಟು ಕೂತ. ಗೆರೆ ಅತ್ತ ಸರಿದರೆ ಚಾಪೆಯೂ ಅತ್ತ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ತುಂಬ ಗೆರೆ, ಗೌಂಡಿಯ ಮೈತುಂಬ ಬೆವರು.

“ಏನ್ರೀ ಯಜಮಾನ್ರ, ಗ್ವಾಡಿ ಒಡೀಲ್ಯೋ, ಇವರನ್ನ ಒಡೀಲ್ಯೋ?”

ಉತ್ತರ ಕೊಡುವ ಮೊದಲು ಚಿಕ್ಕಪ್ಪ ತುಸು ಹೊತ್ತು ಯೋಚಿಸಿದ ಎಂಬುದು ನನ್ನ ಅನುಮಾನ!

ನಮ್ಮಪ್ಪ ಕಾಯದೆಯ ಮನುಷ್ಯ. ರಾಯಚೂರಿಗೆ ಹೋಗಿ ವಕೀಲರನ್ನು ಕಂಡ. ಅವರು ಎಲ್ಲ ಕೇಳಿ ನಕ್ಕುಬಿಟ್ಟರು: “ದರವಾಜಾ ಅವರದು, ದಿವಾರೂ ಅವರದು. ನಿಮ್ಮನ್ನ ಒಳಗ ಬಿಡಾಕತ್ತಾರಲ್ಲ, ಅದಕ್ಕ ಶುಕ್ರಿಯಾ ಹೇಳ್ರಿ!” ಅಪ್ಪ ಬಂದ ದಾರಿ ಹಿಡಿದ.

ಆಮೇಲಿನ ದರ್ಬಾರು ಕೇಳಬೇಡಿ. ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟು ನಿಂತರೆ ದೊಡ್ಡಪ್ಪ ಅಗಳಿ ತೆಗೆಯುತ್ತಿರಲಿಲ್ಲ. “ತಡಿ, ಅವನೂ ಬರ್ಲಿ. ಎರಡೆರಡು ಸಲ ಬಾಗಲಾ ತಗಿಯಾಕ ನಾನೇನು ನಿಮ್ಮ ಜವಾನೇನು?” ಒಬ್ಬ ಬೆಳಕಿಂಡಿ ನೋಡುತ್ತ, ಇನ್ನೊಬ್ಬ ಕಾಲ್ಬೆರಳು ನೋಡುತ್ತ, ಅಕ್ಕಪಕ್ಕ ನಿಂತು ಕಾಯುತ್ತಿದ್ದರು. ದಿನಾ ಇದೇ ಪೂಜೆ!

ಒಮ್ಮೆ ಅವ್ವ ತಡೆಯಲಾರದೆ ಕೇಳಿಯೇಬಿಟ್ಟಳು: “ಯಾಕ್ರಿ ಭಾವಾರ, ಇಷ್ಟ್ಯಾಕ ಹಠ?”

“ಎರಡು ಬಾಗಲಾದ್ರ ಇಬ್ಬರೂ ಆರಾಮ ಇದ್ದುಬಿಡ್ತಾರ ಯವ್ವಾ. ಅದೇ ನನಗ ಅಂಜಿಕಿ. ಇಬ್ಬರನ್ನೂ ಬಗಲಾಗ ಎತ್ತಿ ಬೆಳೆಸೀನಿ ನಾನು.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಒಂದು ಮಳೆಗಾಲ ದೊಡ್ಡಪ್ಪ ಜ್ವರ ಬಂದು ಮಲಗಿದ. ಹಕೀಮರು ನಾಡಿ ಹಿಡಿದು ನೋಡಿ ಔಷಧ ಕೊಡದೆ ಎದ್ದು ಹೋದರು. ಹಾಸಿಗೆಯ ಆ ಕಡೆ ಅಪ್ಪ, ಈ ಕಡೆ ಚಿಕ್ಕಪ್ಪ. ಆಗಲೂ ಇಬ್ಬರ ನಡುವೆ ಮಾತಿಲ್ಲ. ದೊಡ್ಡಪ್ಪ ಕಣ್ಣು ತೆರೆದ.

“ಬಾಗಲಾ ಯಾರಿಗೆ ಕೊಡ್ಲಿ? ನಾ ಇರೂತನಕ ಜಗಳಾಡಿ ಮುಗಿಸ್ರಿ.”

ಅಪ್ಪ ತಲೆ ತಗ್ಗಿಸಿಯೇ ಹೇಳಿದ: “ಸಣ್ಣಾವಗ ಕೊಡು.”

ಚಿಕ್ಕಪ್ಪ ಹಾಸಿಗೆಯ ಹತ್ತಿರ ಸರಿದ. “ಬ್ಯಾಡ... ಅಣ್ಣಗ ಕೊಡು.”

ಮಾತು ನಿಂತಂದಿನಿಂದ ಅವನು ನಮ್ಮಪ್ಪನನ್ನು ಅಣ್ಣ ಎಂದಿರಲೇ ಇಲ್ಲ. ದೊಡ್ಡಪ್ಪ ಮೆಲ್ಲಗೆ ಕೈ ಚಾಚಿ ಚಿಕ್ಕಪ್ಪನ ಕೈ ಹಿಡಿದುಕೊಂಡ.

“ಇನ್ನೊಮ್ಮೆ ಅನ್ನಪಾ,” ಎಂದ.